ಬಳೆ ಒಡೆಯುವ ಕೈ

ಶಿವಕುಮಾರಿ ಹಾಲವ್ವನನ್ನು ಮೊದಲು ಕಂಡದ್ದು ಮದುವೆಯಾಗಿ ಭಾಂಡುಪ್‌ಗೆ ಬಂದ ವರ್ಷ, ಹೊಸ್ತಿಲ ಹುಣ್ಣಿಮೆಯ ಸಂಜೆ. ಗುಡ್ಡದ ಓಣಿಯ ಎಲ್ಲಮ್ಮನ ಗುಡಿಯೆಂದರೆ ತಗಡಿನ ಮಾಡು, ಬಿದಿರಿನ ಬುಟ್ಟಿಯಲ್ಲಿ ಕೂರಿಸಿದ ಹಿತ್ತಾಳೆಯ ಮುಖ, ಅಷ್ಟೆ. ಅದರ ಮುಂದೆ, ಕೂದಲಿಗೆ ಸಿಮೆಂಟಿನ ದೂಳು ಹತ್ತಿದ ಹೆಂಗಸೊಬ್ಬಳು ಕುಕ್ಕುರುಗಾಲಲ್ಲಿ ಕೂತಿದ್ದಳು. ದೇವಿಯ ಕೊರಳಿಗೆ ಪೋಣಿಸಿದ್ದ ಹಸಿರು ಬಳೆಗಳನ್ನು ಬಿಚ್ಚಿ, ಚೂರು ಸಿಡಿದು ಮಕ್ಕಳ ಕಾಲಿಗೆ ಚುಚ್ಚದಿರಲೆಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕಲ್ಲಿನಿಂದ ಜಜ್ಜಿದಳು. ಆಮೇಲೆ ದೇವಿಯ ಹಣೆಯ ಕುಂಕುಮವನ್ನು ಸೆರಗಿನ ಚುಂಗಿನಿಂದ ಒರೆಸಿದಳು, ಕೂಸಿನ ಬಾಯಿ ಒರೆಸುವಷ್ಟು ಮೆತ್ತಗೆ.

ಜಮದಗ್ನಿಯನ್ನು ಕಾರ್ತವೀರ್ಯನ ಕಡೆಯವರು ಕೊಂದು ಎಲ್ಲಮ್ಮ ವಿಧವೆಯಾದ ದಿನವದು. ಎರಡು ತಿಂಗಳಾದ ಮೇಲೆ, ಭಾರತ ಹುಣ್ಣಿಮೆಗೆ, ಅವಳ ಗಂಡ ಬದುಕಿ ಬರುತ್ತಾನೆ, ಅವಳಿಗೆ ಮತ್ತೆ ಬಳೆ ಏರುತ್ತದೆ. ಕೊಯ್ಲಾಗಿ ಬರಿದಾದ ನೆಲ ಮತ್ತೆ ಹಸಿರಾಗುವುದರ ಸಂಕೇತವಿದು ಎಂದು ಶಿವಕುಮಾರಿ ಬಿ.ಎ. ಪರೀಕ್ಷೆಯಲ್ಲಿ ಬರೆದಿದ್ದಳು. ಆ ಸಂಕೇತಕ್ಕೊಬ್ಬ ಆಳು ಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಬಳೆ ಒಡೆಯುವ ಅಮಂಗಳಕ್ಕೆ ಗಂಡ ಸತ್ತವಳೇ ಆಗಬೇಕು. ಹಾಲವ್ವನ ಗಂಡ ಪವಾಯಿಯಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ ವರ್ಷವೇ ಗುಡಿಯ ಹಿರಿಯ ಧರ್ಮಣ್ಣ ಅವಳನ್ನು ಕರೆದು ಆ ಕೆಲಸಕ್ಕೆ ಕೂರಿಸಿದ್ದ.

ಭಾರತ ಹುಣ್ಣಿಮೆ ಬಂತು. ಮುತ್ತೈದೆಯರು ದೇವಿಗೆ ಬಳೆ ಏರಿಸುವಾಗ ಹಾಲವ್ವ ಹೊರಗೆ ಚಪ್ಪಲಿಗಳ ಪಕ್ಕ ನಿಂತಿದ್ದಳು. ಶಿವಕುಮಾರಿ ಒಳಗೆ ಕರೆದಳು. ಮುತ್ತೈದೆಯರಲ್ಲಿ ಹಿರಿಯಳಾದ ರಾಚವ್ವ ಅಡ್ಡ ಬಂದು, “ಕಾಲೇಜ್ ಕಲ್ತಾಕಿಗೆ ಇಷ್ಟೂ ತಿಳೀವಲ್ದೇನ?” ಎಂದು ಎಲ್ಲರನ್ನೂ ನಗಿಸಿದಳು.

ಶಿವಕುಮಾರಿಗೆ ಮೈಯೆಲ್ಲ ಉರಿಯಿತು. ದೇವಿಗೆ ಎರಡೇ ತಿಂಗಳ ವಿಧವೆತನ. ಅದನ್ನು ಅವಳಿಗೆ ತೊಡಿಸಿದವಳಿಗೆ ಜೀವಮಾನವಿಡೀ. ಇದ್ಯಾವ ನ್ಯಾಯ?

ಮರುವರ್ಷದ ಹೊಸ್ತಿಲ ಹುಣ್ಣಿಮೆಗೆ ಹಾಲವ್ವ ಗುಡಿಗೆ ಬರಲೇ ಇಲ್ಲ. ಬಳೆ ಮುಟ್ಟಲು ಬೇರೆ ಯಾರಿಗೂ ಧೈರ್ಯವಿಲ್ಲ. ಹಳೆಯದನ್ನು ಒಡೆಯದೆ ಹೊಸದನ್ನು ಏರಿಸುವಂತಿಲ್ಲ, ಹಬ್ಬವೇ ನಿಲ್ಲುತ್ತದೆ. ಧರ್ಮಣ್ಣ, ಹೋದ ಸಲ ಅವಳ ಪರ ನಿಂತಿದ್ದ ಶಿವಕುಮಾರಿಯನ್ನು ಜೊತೆಗೆ ಕರೆದುಕೊಂಡು ಹಾಲವ್ವನ ಖೋಲಿಗೆ ಹೋದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಒಡಿಯಾಕ ನನ್ನ ಕೈ ಬೇಕು, ಏರ್ಸಾಕ ಬ್ಯಾಡ. ಆಕಿ ಗಂಡ ಎದ್ದು ಬಂದ, ನನ್ನವ ಬರ್ಲಿಲ್ಲ. ಅದು ನನ್ನ ತಪ್ಪೇನ ಯಣ್ಣಾ?”

ಹಿಂದಿನವರು ನಡೆಸಿಕೊಂಡು ಬಂದದ್ದು ಎಂದು ಧರ್ಮಣ್ಣ ಗೊಣಗಿದ.

“ಹಂಗಾರ ಆ ಹಿಂದಿನವರನ್ನ ಕರ್ಕೊಂಡ ಬಾ. ಅವರ ಒಡೀಲಿ.”

ಈ ಸಲ ನೀನೇ ಬಳೆ ಏರಿಸು ಎಂದು ಅವನು ಕೊನೆಗೆ ಮಾತು ಕೊಟ್ಟ. ಅವಳು ಎದ್ದು ಹೋಗಿ ಒಡೆದಳು. ಆದರೆ ಭಾರತ ಹುಣ್ಣಿಮೆಯ ದಿನ ಅವನ ಮಾತು ಬದಲಾಯಿತು. ಮೊದಲು ಮುತ್ತೈದೆಯರು, ಮಿಕ್ಕಿದರೆ ಹಾಲವ್ವ. ಕೊಟ್ಟ ಮಾತನ್ನು ದೇವಿಯ ಎದುರೇ ನುಂಗಲು ಅವನಿಗೆ ನಾಚಿಕೆಯೂ ಆಗಲಿಲ್ಲ. ಬಳೆಯ ತಟ್ಟೆಯನ್ನು ಶಿವಕುಮಾರಿಯ ಕೈಗಿತ್ತ. ಅವಳು ಅದನ್ನು ಹೊತ್ತು ನೇರ ಹೊರಗೆ ನಡೆದು, ಹಾಲವ್ವನ ಕೈಯಲ್ಲಿಟ್ಟಳು.

“ನೀ ಏರ್ಸು ಚಿಗವ್ವಾ. ಆಮ್ಯಾಲೆ ನಾ ಏರ್ಸತೇನಿ.”

ರಾಚವ್ವ ಇಬ್ಬರನ್ನು ಎಬ್ಬಿಸಿಕೊಂಡು ಹೊರಟುಹೋದಳು. ಉಳಿದವರು ಸರಿದು ದಾರಿ ಬಿಟ್ಟರು. ಹಾಲವ್ವ ಒಳಗೆ ಬಂದು, ಕೂತು, ಒಂದೊಂದೇ ಬಳೆ ಪೋಣಿಸಿ ದೇವಿಯ ಕೊರಳಿಗೆ ಕಟ್ಟಿದಳು.

ರಾಚವ್ವ ಇಂದಿಗೂ ಹಾಲವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳುವುದಿಲ್ಲ. ಹಾಲವ್ವ ಈಗ ಪವಾಯಿಯ ಬಿಲ್ಡಿಂಗೊಂದರಲ್ಲಿ ಗಾರೆ ಹೊರುತ್ತಾಳೆ. ಎರಡೂ ಹುಣ್ಣಿಮೆಗೆ ಕೆಲಸ ಬಿಟ್ಟು ಗುಡಿಗೆ ಬರುತ್ತಾಳೆ. ಒಂದಕ್ಕೆ ಬಳೆ ಒಡೆಯುತ್ತಾಳೆ, ಇನ್ನೊಂದಕ್ಕೆ ಏರಿಸುತ್ತಾಳೆ.