ಕುರಿಗಳಿಲ್ಲದ ನಕಾಶೆ

ಕೃಷ್ಣೆಯ ನೆರೆ ಊರೊಳಗೆ ನುಗ್ಗಿ ಹೋದ ವರ್ಷ ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಶಿರಗುಪ್ಪಿಗೆ ದೂರವಲ್ಲದ, ಹೊಳೆದಂಡೆಯ ಕಬ್ಬಿನ ಊರು ನಮ್ಮದು. ಮನೆಗಳನ್ನೆಲ್ಲ ಎತ್ತರದ ಮಡ್ಡಿಗೆ ಸಾಗಿಸಲು ದೀಪಾವಳಿಯಾದ ಮೇಲೆ ಒಂದು ಕಮಿಟಿಯಾಯಿತು. ಅಧ್ಯಕ್ಷರು ನಮ್ಮ ಕಾಕಾ. ನಕಾಶೆ, ಠರಾವು ಬರೆಯುವವನು ನಾನು.

ದೀಪಾವಳಿ ಮುಗಿದರೆ ನಮ್ಮ ಕುರಿಗಾರರು ಊರಲ್ಲಿರುವುದಿಲ್ಲ. ಗೊಬ್ಬರಕ್ಕಾಗಿ ಕಂಡವರ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತ ಹೋಗಿ, ಮಳೆಗೆ ತಿರುಗಿ ಬರುತ್ತಾರೆ. ಮಳೆಗಾಲದ ಅವರ ಕುರಿದಡ್ಡಿ ಇದ್ದದ್ದೇ ಆ ಮಡ್ಡಿಯ ಮೇಲೆ. ಇದು ಊರಿನ ಕೂಸಿಗೂ ಗೊತ್ತು. ಆದರೂ ಸಭೆ ಕರೆದರು. ಕುರಿಗಾರರ ಕೇರಿಯಿಂದ ಬಂದದ್ದು ಒಬ್ಬ ಮುದುಕಿ.

"ತಮ್ಮಾ, ಇದರಾಗ ನಮ್ಮ ದಡ್ಡಿ ಎಲ್ಲೈತಿ?" ಎಂದಳು ನನಗೆ.

ನಕಾಶೆಯಲ್ಲಿ ಇದ್ದದ್ದು ಗೋಡೆಗೆ ಗೋಡೆ ಅಂಟಿದ ಎರಡೆರಡು ಖೋಲಿಯ ಮನೆಗಳು.

"ಆಯೀ, ಇದು ಮನಷ್ಯಾರ ಊರು," ಎಂದರು ಕಾಕಾ. "ಕುರಿಗೂ ಒಂದೊಂದು ಖೋಲಿ ಬೇಕೇನ?" ಮಂದಿ ನಕ್ಕರು.

"ಖೋಲಿ ನೀವ ಇಟ್ಕೋರಿ ಸಾವಕಾರ್ರ. ನಮ್ಮ ಮಂದಿ ಬರೂತನಕ ತಡೀರಿ, ಅಷ್ಟ. ನಿಮ್ಮ ಹೊಲಕ್ಕ ಹಿಕ್ಕಿ ಬೇಕಾದಾಗ ಕುರಿ ಕಂಡಿದ್ವು, ಈಗ ಕಾಣವಲ್ವು?"

"ಸರಕಾರ ತಡೀತೈತೇನ? ನೀ ಬರಕೋಲೇ," ಎಂದು ಕಾಕಾ ನನ್ನ ಕಡೆ ತಿರುಗಿದರು.

ನಾನು ಎದ್ದು ನಿಂತು, ಅವರು ಬರುವವರೆಗೆ ಕಾಯೋಣ ಎಂದೆ. ಹೀಗೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಕಾಕಾನ ಮುಖ ಕೆಂಪೇರಿದ್ದನ್ನೂ ಬಣ್ಣಿಸಿದ್ದೇನೆ. ಮುಂದೊಮ್ಮೆ ಠರಾವಿನ ಪುಸ್ತಕ ತೆಗೆದು ನೋಡಿದರೆ ಅಲ್ಲಿ 'ಸರ್ವಾನುಮತದಿಂದ' ಎಂದಿದೆ, ನನ್ನದೇ ದುಂಡು ಅಕ್ಷರ. ಮುದುಕಿಯ ಆಕ್ಷೇಪವಿಲ್ಲ, ನನ್ನದೂ ಇಲ್ಲ. ನಿಂತೆನೋ, ನಿಲ್ಲಬೇಕಿತ್ತೆಂಬ ನಾಚಿಕೆಯೇ ನೆನಪಾಗಿ ಕೂತಿದೆಯೋ, ಈಗ ಹೇಳಲಾರೆ. ಬರೆದದ್ದಂತೂ ನಾನೇ.

ಮಳೆಗೆ ಮರಳಿದ ಕುರಿಗಾರರಿಗೆ ಮಡ್ಡಿಯ ಮೇಲೆ ಕಂಡದ್ದು ಪಾಯಗಳು. ಮುಂದೆ ಮನೆಗಳು ಸಿಕ್ಕವು, ಕುರಿ ಕೂಡಿಹಾಕಲು ಜಾಗ ಸಿಗಲಿಲ್ಲ. ಹಿಂಡಿನೊಂದಿಗೆ ಹೊಳೆದಂಡೆಯ ಮುರುಕು ಗೋಡೆಗಳಿಗೇ ಇಳಿದು ಹೋದರು. "ಮನೆ ಕೊಟ್ರೂ ಹೊಳಿ ಬಿಡವಲ್ರು, ಹಟಮಾರಿ ಮಂದಿ," ಎಂದು ಕಾಕಾ ಬಂದ ಸಾಹೇಬರಿಗೆಲ್ಲ ಹೇಳುತ್ತಿದ್ದರು. ಚಹಾ ಕುಡಿಯುತ್ತ ಅವರು ತಲೆಯಾಡಿಸುತ್ತಿದ್ದರು. ಆ ತಲೆಗಳನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮುಂದಿನ ನೆರೆಗೆ ಕಾಕಾ ಟ್ರ್ಯಾಕ್ಟರ್ ಕಳಿಸಿದರು. ನೀರು ಆಗಲೇ ಕೇರಿಯ ಅಂಚಿಗೆ ಬಂದಿತ್ತು.

"ಮಂದಿ ಅಷ್ಟ ಹತ್ತರಿ, ಕುರಿ ಬ್ಯಾಡ," ಎಂದ ಡ್ರೈವರ್.

ಹೆಂಗಸರು, ಮಕ್ಕಳು ಹತ್ತಿದರು. ಮುದುಕಿ ಹತ್ತಲಿಲ್ಲ. ಗಂಡಸರ ಜೊತೆ ಕುರಿಗಳನ್ನು ಹೊಡೆದುಕೊಂಡು, ಮೊಣಕಾಲುದ್ದ ನೀರಿನಲ್ಲಿ ಕಬ್ಬಿನ ಬದುವಿನಗುಂಟ ನಡೆದಳು. ಟ್ರೇಲರಿನಲ್ಲಿ ನಾನು ಕೂತಿದ್ದೆ. ಅದರಲ್ಲಿ ನನಗೆ ಸಂಶಯವಿಲ್ಲ.