ಹಡಗಿಗೆಂದು ತಂದ ನಿಂಬೆಹಣ್ಣು

ಅತ್ತಿಗೆ, ಆ ದಿನ ಧನುಷ್ಕೋಟಿಯಲ್ಲಿ ಹಡಗಿನ ಕಚೇರಿಯವರು ನಮ್ಮನ್ನು ಬೇಡವೆನ್ನಲಿಲ್ಲ. ಬೇಡವೆಂದವಳು ನಾನು. ಗಂಡಸರ ಜೊತೆಯಿಲ್ಲದ ಹೆಂಗಸರನ್ನು ಸಿಲೋನಿನ ಹಡಗಿಗೆ ಹತ್ತಿಸುವುದಿಲ್ಲ ಎಂಬ ಕಾನೂನು ಇರಲೇ ಇಲ್ಲ — ಕಚೇರಿಯಿಂದ ನೀವು ಕೂತಿದ್ದ ಚಪ್ಪರಕ್ಕೆ ನಡೆದು ಬರುವಾಗ, ನೂರು ಹೆಜ್ಜೆಯೊಳಗೆ, ಅದನ್ನು ನಾನೇ ಹುಟ್ಟಿಸಿದೆ.

ನಾನು ಜಂಬದವಳೆಂದು ಹಲಸೂರಿಗೆಲ್ಲ ಗೊತ್ತು. ಆ ಜಂಬ ಈಗಲೂ ಇದೆ, ಬಿಡುವ ಯೋಚನೆಯೂ ಇಲ್ಲ. ನಮ್ಮ ಬೀದಿಯಲ್ಲಿ ಟೀಚರಾದ ಮೊದಲ ಹೆಣ್ಣು ನಾನು. ಅದಕ್ಕಿಂತ ದೊಡ್ಡ ಜಂಬ, ನನ್ನನ್ನು ಟೀಚರು ಮಾಡಿದ ನಿಮ್ಮ ಬಗ್ಗೆ. ಅಣ್ಣ ತೀರಿಕೊಂಡಾಗ ನಿಮಗೆ ಇಪ್ಪತ್ತಾರು ತುಂಬಿರಲಿಲ್ಲ. ತವರಿನವರು ಕರೆದರೂ ಹೋಗದೆ, ಕೆರೆಯಾಚೆಯ ಬಂಗಲೆಯಲ್ಲಿ ಆಯಾ ಆಗಿ ದುಡಿದು, ಗಂಡನ ತಂಗಿಯನ್ನು ಓದಿಸಿದಿರಿ. ಅಕ್ಷರ ಬರದಿದ್ದರೇನು, ದೊರೆಸಾನಿ ಗದರಿದರೆ ಅವಳ ಮಾತಿನಲ್ಲೇ ತಿರುಗಿ ಉತ್ತರ ಕೊಡುತ್ತಿದ್ದ ಆಯಾ ಇಡೀ ದಂಡು ಪ್ರದೇಶದಲ್ಲಿ ನೀವೊಬ್ಬರೇ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನೀವು ಎತ್ತಿ ಆಡಿಸಿದ ದೊರೆಗಳ ಮಕ್ಕಳೆಲ್ಲ ಒಂದೊಂದಾಗಿ ತಮ್ಮ ದೇಶಕ್ಕೆ ಹಡಗು ಹತ್ತಿ ಹೋದವು. ನಿಮ್ಮ ಪ್ರಯಾಣ ಮಾತ್ರ ಪ್ರತಿ ಸಲವೂ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲೇ ಮುಗಿಯುತ್ತಿತ್ತು. ರೈಲು ಹೊರಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನಡೆದು ಮನೆಗೆ ಬರುತ್ತಿದ್ದಿರಿ.

ಯುದ್ಧ ಮುಗಿದ ಮರುವರ್ಷದ ಬೇಸಿಗೆ ರಜೆಯಲ್ಲಿ ನಿಮಗೂ ಬಿಡುವು ಸಿಕ್ಕಿ ನಾವಿಬ್ಬರೂ ರಾಮೇಶ್ವರಕ್ಕೆ ಹೋದೆವು. ಧನುಷ್ಕೋಟಿಯಲ್ಲಿ ಬೆಳಗ್ಗೆ ಹಡಗು ಹತ್ತಿದರೆ ಎರಡು ಗಂಟೆಯಲ್ಲಿ ಸಿಲೋನಿನ ದಡ, ಸಂಜೆಗೆ ವಾಪಸು ಎಂದು ಛತ್ರದಲ್ಲಿ ಯಾರೋ ಹೇಳಿದರು. ಆಮೇಲೆ ಎರಡು ದಿನ ನಿಮ್ಮ ಬಾಯಲ್ಲಿ ಬೇರೆ ಮಾತಿಲ್ಲ. ದೇವರ ದರ್ಶನದ ಸಾಲಿನಲ್ಲೂ ಅದೇ.

"ಅರ್ಧ ದಿನಕ್ಕೆ ಅಷ್ಟು ದೂರ ಯಾಕತ್ತಿಗೆ? ಅಲ್ಲೂ ಇದೇ ಮರಳು, ಇದೇ ತೆಂಗಿನಮರ," ಎಂದೆ.

"ಇದೇ ಮರಳಾದ್ರೂ ಆ ಕಡೇದಲ್ವೇನೇ?" ಎಂದಿರಿ ನೀವು. "ನೆಲ ಕಣ್ಮರೆ ಆದಾಗ ಹೊಟ್ಟೇಲಿ ಏನಾಗತ್ತೆ ಅಂತ ನೋಡ್ಬೇಕು ಕಣೇ. ನನ್ನ ಮಕ್ಳೆಲ್ಲ ಅದನ್ನ ದಾಟಿದಾವೆ."

ಇದಕ್ಕೆ ಯಾವ ಭೂಗೋಳದ ಟೀಚರು ಏನು ಹೇಳಿಯಾಳು? ಮೂರನೆಯ ದಿನ ಹೊರಟೆವು. "ನಂದು ಬಂಗಲೆ ಇಂಗ್ಲಿಷು, ನೀನು ಕೇಳಿದ್ರೆ ಮರ್ಯಾದೆ ಕೊಡ್ತಾರೆ, ಹೋಗು," ಎಂದು ನನ್ನನ್ನೇ ಕಚೇರಿಗೆ ಕಳಿಸಿದಿರಿ. ಗುಮಾಸ್ತ ಒಳ್ಳೆಯ ಮನುಷ್ಯ. ಸಿಡುಬಿಗೆ ದಾಕು ಹಾಕಿಸಿದ ಗುರುತು ಇಬ್ಬರ ತೋಳಲ್ಲೂ ಇದೆಯೇ ಎಂದು ಕೇಳಿದ. ಇದೆ ಎಂದೆ. ಹಾಗಾದರೆ ಬನ್ನಿ, ಹೊರಡಲು ಇನ್ನೂ ಹೊತ್ತಿದೆ ಎಂದ.

ಆಗ ಕಿಟಕಿಯಾಚೆ ನೋಡಿದೆ. ಕಟ್ಟೆಗೂ ಹಡಗಿಗೂ ನಡುವೆ ಒಂದು ಹಲಗೆ. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಅದರ ಕೆಳಗೆ ಕಪ್ಪು ನೀರು — ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಕರಿಹಲಗೆಯ ಮೇಲೆ ಕಣ್ಣು ಮುಚ್ಚಿ ಸಿಲೋನಿನ ನಕ್ಷೆ ಬರೆಯುತ್ತಿದ್ದವಳು ನಾನು. ಪುಸ್ತಕದ ಬದನೆಕಾಯಿ! ಹೆದರಿಕೆಯಾಗುತ್ತದೆ ಅತ್ತಿಗೆ, ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಕ್ಷರವಿಲ್ಲದ ನೀವು ನಗುತ್ತ ಆ ಹಲಗೆ ದಾಟುವುದು, ನಾನು ಹಿಂದೆ ನಿಂತು ನಡುಗುವುದು — ಅದು ನನ್ನಿಂದ —

"ಗಂಡಸ್ರಿಲ್ದೆ ಹೆಂಗಸ್ರನ್ನ ಹತ್ತಿಸೋ ಹಾಗಿಲ್ವಂತೆ. ಕಾನೂನಂತೆ, ಅತ್ತಿಗೆ."

ನೀವು ಹಡಗಿನ ಕಡೆ ಒಮ್ಮೆ ನೋಡಿದಿರಿ. ಆಮೇಲೆ ಸೊಂಟದ ಚೀಲದಿಂದ ಆರು ನಿಂಬೆಹಣ್ಣು ತೆಗೆದಿರಿ. ಹಡಗಿನಲ್ಲಿ ಹೊಟ್ಟೆ ತೊಳಸಿದರೆ ನಿಂಬೆ ಮೂಸಬೇಕು ಎನ್ನುವುದು ಬಂಗಲೆಯ ಆಯಾಗಳಿಗೆಲ್ಲ ಗೊತ್ತಿದ್ದ ಮದ್ದು.

"ನಿನಗಂತಲೇ ತಂದಿದ್ದೆ. ರೈಲಲ್ಲೇ ತಲೆ ತಿರುಗೋಳು, ಹಡಗಲ್ಲಿ ಸುಮ್ನೆ ಇರ್ತೀಯಾ? ನನ್ನ ಭುಜ ಹಿಡ್ಕೊಂಡು ಕೂತ್ಕೋ ಅಂತಿದ್ದೆ," ಎಂದು, ಅದರಲ್ಲಿ ಎರಡನ್ನು ಹಿಂಡಿ ಪಾನಕ ಮಾಡಿ ನನ್ನ ಕೈಗೇ ಕೊಟ್ಟಿರಿ. ಬಿಸಿಲಲ್ಲಿ ಓಡಾಡಿ ಬಂದೆಯಲ್ಲ ಎಂದು. ನನ್ನ ಭಯ ನಿಮಗೆ ಮೊದಲೇ ಗೊತ್ತಿತ್ತು. ಅದಕ್ಕೆ ಮದ್ದನ್ನೂ ಕಟ್ಟಿಕೊಂಡು ಬಂದಿದ್ದಿರಿ. ಆಗಲಾದರೂ ಹೇಳಬಹುದಿತ್ತು. ಹಡಗು ಇನ್ನೂ ಅಲ್ಲೇ ನಿಂತಿತ್ತು. ನಾನು ಪಾನಕ ಕುಡಿದೆ.

ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ಮರುವರ್ಷ ದೊರೆಗಳೆಲ್ಲ ಗಂಟುಮೂಟೆ ಕಟ್ಟಿದರು. ದೊರೆಸಾನಿ ತನ್ನ ಪುಟ್ಟ ಬೇಬಿಯನ್ನು ನೋಡಿಕೊಳ್ಳಲು ಲಂಡನ್ನಿನವರೆಗೆ ಬಾ, ಮುಂದಿನ ಹಡಗಿನಲ್ಲಿ ಕಳಿಸುತ್ತೇನೆ ಎಂದು ನಿಮ್ಮನ್ನು ಕರೆದಳು. ನೀವು ಕೊಟ್ಟ ಉತ್ತರವನ್ನು ನೀವೇ ಬಂದು ನನಗೆ ಹೇಳಿದಿರಿ: "ಬರ್ತಾ ಒಬ್ಳೇ ಬರ್ಬೇಕು, ಗಂಡಸ್ರಿಲ್ದೆ ಹತ್ತಿಸಲ್ಲ, ಅಲ್ಲೇ ಸಿಕ್ಕಿಬೀಳ್ತೀನಿ ಅಂದೆ. ಹಾಗೇನಿಲ್ಲ ಅಂತಾಳೆ! ನಮ್ಮ ಸರೋಜಿ ಕೇಳ್ಕೊಂಡು ಬಂದಿದಾಳೆ, ಅವಳು ಸುಳ್ಳು ಹೇಳೋಳಲ್ಲ ಅಂತ ಹೇಳ್ಬಿಟ್ಟೆ."

ದೊರೆಸಾನಿ ಒಂದು ಚೀಟಿ ಕಳಿಸಿದ್ದಳು, ನನಗೆ. ಅಂಥ ಕಾನೂನಿಲ್ಲ, ನಿಮ್ಮ ಅತ್ತಿಗೆಗೆ ದಯವಿಟ್ಟು ತಿಳಿಸಿಹೇಳಿ, ಮಗು ಅವರನ್ನು ಬಿಟ್ಟಿರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ನೀವು ನನ್ನ ಮುಖವನ್ನೇ ನೋಡುತ್ತ ಕೂತಿದ್ದಿರಿ. ನಾನು ಓದಿದೆ — ಸರಿ, ಬೇರೆ ಆಯಾಳನ್ನು ಹುಡುಕಿಕೊಳ್ಳುತ್ತಾರಂತೆ, ಎಂದು.

ಬೇಬಿ ಹೋದ ದಿನವೂ ನೀವು ಸ್ಟೇಷನ್ನಿನಿಂದ ನಡೆದೇ ಬಂದಿರಿ. ಈ ಸಲ ಮುಖ ಒರೆಸಿಕೊಂಡಿರಲಿಲ್ಲ.

ಮೊನ್ನೆ ಚಂಡಮಾರುತಕ್ಕೆ ಧನುಷ್ಕೋಟಿಯೇ ಸಮುದ್ರದ ಪಾಲಾಯಿತೆಂದು ನಾನು ಪತ್ರಿಕೆ ಓದಿ ಹೇಳಿದಾಗ, "ಅಯ್ಯೋ, ಆ ಕಚೇರಿಯವ್ರು! ನೀನು ಅವತ್ತು ಅವ್ರ ಜೊತೆ ಎಷ್ಟು ವಾದ ಮಾಡ್ದೆ," ಎಂದು ನಾನೇ ಆಮೇಲೆ ಕಟ್ಟಿ ಹೇಳಿದ್ದ ನನ್ನ ಶೌರ್ಯವನ್ನು ಪಕ್ಕದ ಮನೆಯವರಿಗೆ ಮತ್ತೊಮ್ಮೆ ಬಣ್ಣಿಸಿದಿರಿ. ಇಷ್ಟು ವರ್ಷ ನಿಮ್ಮ ಬಾಯಿಂದ ಅದನ್ನು ಕೇಳಿ ನಾನು ತಲೆಯೆತ್ತಿ ನಡೆದಿದ್ದೇನೆ. ಕರೆದುಕೊಂಡು ಹೋಗಿ ತಪ್ಪು ತಿದ್ದಿಕೊಳ್ಳೋಣವೆಂದರೆ ಈಗ ಆ ಕಟ್ಟೆಯೂ ಇಲ್ಲ.

ನಿಮಗೆ ಬರುವ ಕಾಗದಗಳನ್ನೆಲ್ಲ, ಬೇಬಿಯ ಕ್ರಿಸ್‌ಮಸ್ ಕಾಗದವನ್ನೂ, ಓದುವವಳು ನಾನೇ. ಇದನ್ನೂ ನಾನೇ ಓದಬೇಕು. ನಿಮ್ಮ ಕೈಗಿಟ್ಟು ಓಡಿಬರುವ ಹಾಗಿಲ್ಲ. ಯಾರ ಕಾಗದವೇ ಎಂದು ಕೇಳುತ್ತೀರಿ. ನನ್ನದು ಎನ್ನುತ್ತೇನೆ. ನೀವು ಎಂದಿನಂತೆ ನನ್ನ ಮುಖವನ್ನೇ ನೋಡುತ್ತ ಕೂರುತ್ತೀರಿ. ಈ ಸಲ, ಬರೆದದ್ದನ್ನು ಬರೆದ ಹಾಗೇ ಓದುತ್ತೇನೆ.