ಕೊನೆಯ ಭಾಷಣ ಯಾರದ್ದು

ನಾನು ಹಲ್ಲಿನ ಸೆಟ್ ಮಾಡುವವನು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ನಾನು ಮಾಡಿದ ಹಲ್ಲುಗಳು ಊರಿನ ಎಷ್ಟೋ ಬಾಯಿಗಳಲ್ಲಿ ಮರ್ಯಾದೆಯಿಂದ ಇವೆ. ನನ್ನ ಸ್ವಂತ ಬಾಯಿ ಮಾತ್ರ ಯಾರ ಹಿಡಿತಕ್ಕೂ ಸಿಕ್ಕಿಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಅವಳು ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ. ಲೆಕ್ಕ ತಪ್ಪುವವಳಲ್ಲ.

ಹೊರಗಿನವರು ಮಾರ್ಮನ್ ಎಂದು ಕರೆಯುತ್ತಾರಲ್ಲ, ನಾವು ಆ ಚರ್ಚಿನವರು. ಬಣ್ಣದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸಭೆ ಸೇರುತ್ತದೆ. ನಮ್ಮಲ್ಲಿ ಸಂಬಳದ ಪಾದ್ರಿ ಇಲ್ಲ, ಯಾರಿಗೆ ಯಾವ ಜವಾಬ್ದಾರಿ ಬರುತ್ತದೋ ಅವರು ಹೊರಬೇಕು. ಸಭೆಯ ಮುಖ್ಯಸ್ಥರು ವಾರವಿಡೀ ಫ್ರಿಜ್ ರಿಪೇರಿ ಮಾಡುತ್ತಾರೆ. ಅವರ ಸಹಾಯಕರಲ್ಲಿ ನಾನೊಬ್ಬ. ಭಾನುವಾರದ ಪ್ರಾರ್ಥನೆಯಲ್ಲಿ ಯಾರು ಮಾತಾಡಬೇಕು, ಯಾರ ನಂತರ ಯಾರು ಎಂದು ಗೊತ್ತು ಮಾಡುವುದು ನನ್ನ ಪಾಲಿಗೆ ಬಂದಿತ್ತು. ಬಾಯಲ್ಲಿ ಅದನ್ನು ಸೇವೆ ಎನ್ನುತ್ತಿದ್ದೆ. ಆದರೆ ಎದುರಿಗೆ ಕುರ್ಚಿ ಹಾಕಿಕೊಂಡು ಜನರ ಕಡೆ ಮುಖ ಮಾಡಿ ಕೂತಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ವರ್ಷಕ್ಕೆ ಎರಡು ಸಲ ಚರ್ಚಿನ ದೊಡ್ಡ ಸಮ್ಮೇಳನ. ದೂರದ ಕೇಂದ್ರದಲ್ಲಿ ಹಿರಿಯ ನಾಯಕರು ಮಾತಾಡುತ್ತಾರೆ, ನಾವು ಕಿಟಕಿಗಳಿಗೆ ಪರದೆ ಎಳೆದು ಪ್ರೊಜೆಕ್ಟರಿನಲ್ಲಿ ನೋಡುತ್ತೇವೆ. ನನ್ನ ಎಡಕ್ಕೆ ಹೆಂಡತಿ, ಅವಳಾಚೆ ನಮ್ಮ ಹೆಣ್ಣುಮಕ್ಕಳು, ಬಲಕ್ಕೆ ಡ್ರೈವರಣ್ಣ. ಬಸ್ ಓಡಿಸಿ ನಿವೃತ್ತರಾದ ಈ ಡ್ರೈವರಣ್ಣ ಯಾರು ಮಾತಾಡಿದರೂ ಅಳುತ್ತಾರೆ. ಮೈಕ್ ಪರೀಕ್ಷೆ ಮಾಡಲು ಒಬ್ಬ ಬಂದು ಹಲೋ ಎಂದರೂ ಅವರ ಕರವಸ್ತ್ರ ಹೊರಗೆ ಬರುತ್ತದೆ. ನಾನು ಅದಕ್ಕೆ ತದ್ವಿರುದ್ಧ. ಪರದೆಯ ಮೇಲೆ ನಾಯಕರ ಸಾಲು ಕಂಡ ಕೂಡಲೇ ನನ್ನ ಗೊಣಗಾಟ ಶುರು.

"ನೋಡೇ, ಎಲ್ಲಾ ಒಂದೇ ಅಚ್ಚಲ್ಲಿ ತೆಗೆದ ಸೆಟ್ಟು. ಅದೇ ಬಣ್ಣ, ಅದೇ ಕೋಟು. ಚರ್ಚಲ್ಲಿ ಅರ್ಧಕ್ಕರ್ಧ ಜನ ನಮ್ಮಂಥೋರು, ಮೇಲಿನ ಸಾಲಲ್ಲಿ ಹುಡುಕಿದ್ರೆ ಸಿಕ್ತಾರಾ? ಹೆಂಗಸರಂತೂ ಅಪರೂಪಕ್ಕೆ ಒಬ್ಬರು."

"ರೀ, ಕೇಳಿಸ್ಕೊಳ್ಳೋಕೆ ಬಿಡ್ರಿ," ಎನ್ನುತ್ತಾಳೆ ಹೆಂಡತಿ.

ಕೆಲವು ಸಮ್ಮೇಳನಗಳ ಹಿಂದೆ ನನ್ನ ಗೊಣಗಾಟಕ್ಕೆ ಉತ್ತರ ಬಂದ ಹಾಗಾಯಿತು. ನಮ್ಮಂಥದೇ ಯಾವುದೋ ಬಡ ನಾಡಿನವರು, ನಮ್ಮ ಹಾಗೆಯೇ ಕಪ್ಪು ಮೈಬಣ್ಣದವರು, ಹೊಸದಾಗಿ ನಾಯಕತ್ವಕ್ಕೆ ಬಂದವರು, ಮೈಕಿನ ಮುಂದೆ ನಿಂತರು. ಹಾಲ್‌ನಲ್ಲಿದ್ದವರೆಲ್ಲ ಕುರ್ಚಿಯ ತುದಿಗೆ ಸರಿದರು. ಶಾಲೆಯ ನೆಲ ತೊಳೆಯುತ್ತಿದ್ದ ತಮ್ಮ ತಾಯಿ, ಬಕೆಟ್ಟಿನ ಪಕ್ಕ ಮಂಡಿಯೂರಿದಾಗಲೇ ಪ್ರಾರ್ಥನೆಯನ್ನೂ ಮುಗಿಸುತ್ತಿದ್ದರೆಂದು ಹೇಳಿದರು. ನಡುವೆ ಒಂದೆರಡು ಕಡೆ ಇಂಗ್ಲಿಷ್ ಶಬ್ದ ಸಿಗದೆ ತಡವರಿಸಿದರು. ಡ್ರೈವರಣ್ಣ ಆ ಹೊತ್ತಿಗೆ ಎರಡನೇ ಕರವಸ್ತ್ರಕ್ಕೆ ಹೋಗಿದ್ದರು.

ಎಷ್ಟೋ ವರ್ಷದಿಂದ ಇಂಥವರೊಬ್ಬರು ಬರಲಿ ಎಂದು ಹಟ ಹಿಡಿದಿದ್ದ ನಾನು ಹೆಂಡತಿಯ ಕಿವಿಯಲ್ಲಿ ಏನು ಹೇಳಿರಬೇಕು?

"ಉಚ್ಚಾರ ಇನ್ನೊಂಚೂರು ಸ್ಪಷ್ಟ ಇರಬೇಕಿತ್ತು ಕಣೇ."

ಅವಳು ಪೂರ್ತಿ ತಿರುಗಿ ನನ್ನನ್ನು ನೋಡಿದಳು. "ಥೇಟ್ ನಿಮ್ಮ ಥರಾನೇ ಮಾತಾಡ್ತಿದಾರಲ್ರೀ," ಎಂದಳು.

ಅಷ್ಟಕ್ಕೇ ಸುಮ್ಮನಾಗಿದ್ದರೆ ಮಾನ ಉಳಿಯುತ್ತಿತ್ತು. ಸಮ್ಮೇಳನ ಮುಗಿದ ಮೇಲೆ ಬ್ರೆಡ್ಡು, ಹಣ್ಣು ತಿನ್ನುತ್ತ ಮಾತಿಗೆ ನಿಂತೆವು. ಡ್ರೈವರಣ್ಣ ಎಲ್ಲ ಭಾಷಣಗಳೂ ನೇರ ಎದೆಗೇ ಬಂದವು ಎಂದರು. ನಾನು ಗಂಟಲು ಸರಿಮಾಡಿಕೊಂಡು, ಒಬ್ಬರನ್ನು ತಂದು ನಿಲ್ಲಿಸಿದರೆ ಸಾಲದು, ಮೇಲಿರುವವರು ಮನಸ್ಸು ದೊಡ್ಡದು ಮಾಡಬೇಕು, ಹೆಂಗಸರಿಗೂ ಸರಿಯಾದ ಜಾಗ ಕೊಡಬೇಕು ಎಂದು ಶುರು ಮಾಡಿದೆ. ಒಂದಿಬ್ಬರು ತಲೆಯಾಡಿಸಿದ್ದು ಕಂಡು ಸ್ವರ ಏರಿಸಿದೆ.

"ಒಂದ್ನಿಮಿಷ," ಎಂದಳು ಹೆಂಡತಿ, ಬಾಳೆಹಣ್ಣು ಸುಲಿಯುತ್ತ. "ನಮ್ಮ ಸಭೇಲಿ ಭಾನುವಾರ ಕೊನೇ ಭಾಷಣ ಯಾರಿಗೆ ಕೊಡ್ತೀರಿ?"

"ಅದು... ಕೊನೇದು ದೊಡ್ಡ ಭಾಷಣ. ಅನುಭವ ಇರೋರಿಗೆ."

"ಯಾವತ್ತಾದ್ರೂ ಹೆಂಗಸರಿಗೆ ಕೊಟ್ಟಿದ್ದೀರಾ? ನಮ್ಮನ್ನ ಮೊದಲೇ ನಿಲ್ಲಿಸ್ತೀರಿ, ಬೇಗ ಮುಗಿಸಮ್ಮಾ ಅಂತೀರಿ. ಕೊನೇಗೆ ಒಬ್ಬರು ಗಂಡಸರು. ಯಾರೂ ಸಿಗದಿದ್ರೆ ನೀವೇ."

ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ನೆನಪಿನಲ್ಲಿ ತಡಕಾಡಿದೆ, ಒಬ್ಬ ಹೆಂಗಸೂ ಸಿಗಲಿಲ್ಲ. ಬೇಕೆಂದು ಮಾಡಿದ್ದಲ್ಲ. ನನಗಿಂತ ಮುಂಚಿನವರು ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದ್ದೆ. ಮೇಲಿನವರನ್ನು ಕೇಳಿದರೂ ಬಹುಶಃ ಇದೇ ಉತ್ತರ ಕೊಡುತ್ತಾರೆ ಎಂದು ಹೊಳೆದಾಗ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ವಾಪಸು ಇಟ್ಟೆ.

ಮರುದಿನವೇ ಸುಧಾರಣೆಗೆ ಇಳಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬೇರೆ ದೇಶದಿಂದ ಬಂದು ನಮ್ಮ ಸಭೆ ಸೇರಿದ್ದರು. ಯಾವಾಗಲೂ ಹಿಂದಿನ ಸಾಲು. ಹೆಂಗಸು, ಪರದೇಶದವರು, ಎಂದೂ ಮಾತಾಡದವರು: ಒಂದೇ ಕಲ್ಲಿಗೆ ಎಷ್ಟು ಹಕ್ಕಿ ಎಂದು ಮನಸ್ಸಿನಲ್ಲೇ ಕೈ ಉಜ್ಜಿಕೊಂಡೆ. ಅವರು ಪಾಳಿ ಮುಗಿಸಿ ಹೊರಗೆ ಬರುವಾಗ ಆಸ್ಪತ್ರೆಯ ಗೇಟಿನಲ್ಲಿ ಹಿಡಿದೆ.

"ತಂಗೀ, ಮುಂದಿನ ಭಾನುವಾರ ಕೊನೇ ಭಾಷಣ ನಿಮ್ಮದು. ಆ ಹೊಸ ನಾಯಕರ ಮಾತಿನ ಮೇಲೇ ಮಾತಾಡಿ. ನಿಮಗೇ ಚೆನ್ನಾಗಿ ಒಪ್ಪತ್ತೆ."

ಅವರು ಬಿಸಿಹಬೆಗೆ ಕೆಂಪಾಗಿದ್ದ ಕೈಗಳನ್ನು ಒರೆಸಿಕೊಂಡರು. ನಮ್ಮ ಭಾಷೆಯನ್ನು ನಿಧಾನವಾಗಿ, ಒಂದೊಂದೇ ಪದ ಜೋಡಿಸಿ ಆಡುತ್ತಾರೆ.

"ನಂಗೆ ಯಾಕೆ ಒಪ್ಪತ್ತೆ?"

ನಾನು ಗೇಟಿನ ಚಿಲಕವನ್ನು ಹಾಕಿ ತೆಗೆದೆ. ಮನಸ್ಸಿನಲ್ಲಿದ್ದ ಕಾರಣಗಳಲ್ಲಿ ಗೌರವದಿಂದ ಹೇಳಬಹುದಾದದ್ದು ಒಂದೂ ಇರಲಿಲ್ಲ.

"ಅಣ್ಣಾ, ನೀವು ಇಷ್ಟು ದಿನ ನನ್ನ ಹತ್ರ ಚೆನ್ನಾಗಿದೀರಾ ಅಂತ ಮಾತ್ರ ಕೇಳಿದೀರಿ. ಉತ್ತರ ಕೇಳೋಕೆ ನಿಲ್ಲಲ್ಲ. ಭಾಷಣ ಬೇಡ. ಮೊದಲು ಒಂದು ಸಲ ಊಟಕ್ಕೆ ಕರೀರಿ."

ಮನೆಗೆ ಬಂದು ಹೇಳಿದೆ. ಹೆಂಡತಿ ಕಣ್ಣೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಅವರಿಗೆ ಫೋನ್ ಮಾಡಿ ಊಟಕ್ಕೆ ಕರೆದಳು.

ಊಟಕ್ಕೆ ಕೂತಾಗ ತಿಳಿಯಿತು, ಆಕೆ ಮೌನಿಯಲ್ಲ. ನಮಗಿಬ್ಬರಿಗೂ ಮಾತಿನ ಸಂದಿಯೇ ಸಿಗಲಿಲ್ಲ. ಅವರೂರಿನ ಸಭೆಯಲ್ಲಿ ಅವರು ಎಷ್ಟೋ ವರ್ಷ ಹೆಂಗಸರ ಸಂಘವನ್ನು ನಡೆಸಿದ್ದರಂತೆ. ಇಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಮೆಲ್ಲಗೆ ಹೊಸ ನಾಯಕರ ಭಾಷಣದ ವಿಷಯ ಎತ್ತಿದೆ.

"ಪೂರ್ತಿ ಅರ್ಥ ಆಗ್ಲಿಲ್ಲ," ಎಂದರು. "ಬೇಗ ಬೇಗ ಮಾತಾಡ್ತಾರೆ. ನಂಗೆ ಆ ಬಿಳಿ ಅಜ್ಜ ಇದಾರಲ್ಲ, ಅವರೇ ಇಷ್ಟ. ನಿಧಾನ ಹೇಳ್ತಾರೆ."

ಹೆಂಡತಿ ಲೋಟದೊಳಗೆ ಮುಖ ಮುಚ್ಚಿಕೊಂಡಳು.

"ಆದ್ರೆ," ಎಂದು ಆಕೆ ಮುಂದುವರಿಸಿದರು, "ಆ ಹೊಸಬರು ಪದ ಮರೆತು ನಿಂತಾಗ ಅಷ್ಟು ದೊಡ್ಡ ಸಭೇಲಿ ಯಾರೂ ನಗ್ಲಿಲ್ಲ. ಎಲ್ಲ ಕಾದ್ರು. ಅದನ್ನ ನೋಡಿ ನಂಗೆ ಅಳು ಬಂತು."

ನಾನು ತಟ್ಟೆ ನೋಡಿದೆ. ಆ ಹೊತ್ತಿಗೇ ನಾನು ಉಚ್ಚಾರಕ್ಕೆ ಅಂಕ ಹಾಕುತ್ತಿದ್ದುದನ್ನು ಹೆಂಡತಿ ಹೊರಗೆಡಹಲಿಲ್ಲ. ಅವಳ ದೊಡ್ಡತನ.

ಆ ಭಾನುವಾರದ ಕೊನೆಯ ಭಾಷಣ ಹೆಂಡತಿಗೆ ಹೋಯಿತು. ಮೊದಲು ನಿಂತವನು ನಾನು. ಬೇಗ ಮುಗಿಸಬೇಕಾದ ಭಾಷಣ ಎಷ್ಟು ಕಷ್ಟ ಎಂಬುದು ಅವತ್ತು ಗೊತ್ತಾಯಿತು. ಪೀಠಿಕೆ ಮುಗಿಯುವಷ್ಟರಲ್ಲಿ ಮುಖ್ಯಸ್ಥರು ಗಡಿಯಾರ ನೋಡಿ ಕೆಮ್ಮಿದರು. ಹೆಂಡತಿ ಚೀಟಿ ಇಲ್ಲದೆ ಮಾತಾಡಿದಳು. "ನಮ್ಮನೇಲೂ ಒಬ್ಬರು ನಾಯಕರಿದಾರೆ, ಅವರ ಸಮ್ಮೇಳನ ದಿನಾ ಇರತ್ತೆ," ಎಂದಾಗ ಹಾಲ್ ನಕ್ಕಿತು. ಮುಂದಿನ ಮಾತಿಗೆ ಯಾರೂ ನಗಲಿಲ್ಲ. ನಮ್ಮ ಹೆಣ್ಣುಮಕ್ಕಳು ಪರದೆಯ ಮೇಲಿನ ಸಾಲಿನಲ್ಲಿ ತಮ್ಮಂಥ ಮುಖ ಹುಡುಕುವುದನ್ನು ತಾಯಿಯಾಗಿ ನೋಡಿದ್ದೇನೆ, ಆ ನೋವು ನಿಜ, ಆದರೂ ಈ ಸಭೆಯ ಕುರ್ಚಿ ಬಿಟ್ಟು ಹೋಗಲು ಮನಸ್ಸಿಲ್ಲ ಎಂದಳು. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಅವಳಿಗೂ ಅದೇ ನೋವಿತ್ತು. ನಾನು ಗೊಣಗುವ ಗದ್ದಲದಲ್ಲಿ ಅವಳಿಗೆ ಹೇಳಲು ಬಿಡುವೇ ಸಿಕ್ಕಿರಲಿಲ್ಲ.

ಡ್ರೈವರಣ್ಣ ಅಳುತ್ತಿದ್ದರು. ನನ್ನ ಭಾಷಣಕ್ಕೆ ಅವರು ಅತ್ತಿರಲಿಲ್ಲ, ಅದನ್ನೂ ಗಮನಿಸಿದೆ.

ಒಗೆಯುವ ವಿಭಾಗದ ತಂಗಿ ಆಮೇಲೆ ತಾವಾಗಿಯೇ ಬಂದು, ಮಾತಾಡಲು ದಿನ ಕೊಡಿ ಎಂದು ಕೇಳಿದರು. ಕೊನೆಯ ಜಾಗ ಕೊಡಲು ಹೋದೆ. "ಬೇಡ ಅಣ್ಣಾ, ಆ ಹೊತ್ತಿಗೆ ಎಲ್ಲರಿಗೂ ಹಸಿವು, ಯಾರೂ ಕೇಳಲ್ಲ. ಮೊದಲೇ ಕೊಡಿ," ಎಂದರು. ನಾನು ಇಷ್ಟು ವರ್ಷ ಕಾದುಕೊಂಡು ಬಂದಿದ್ದ ದೊಡ್ಡ ಗೌರವದ ಬೆಲೆ ಇಷ್ಟು!

ಪರದೆಯ ಮೇಲಿನ ಸಾಲು ಹೆಚ್ಚೇನೂ ಬದಲಾಗಿಲ್ಲ. ನಾನು ಪ್ರಶ್ನೆ ಕೇಳುವುದನ್ನೂ ಬಿಟ್ಟಿಲ್ಲ, ಯಾಕೆಂದರೆ ಅದೇನೂ ತಪ್ಪಲ್ಲ. ಈಗ ಆ ತಂಗಿ ನಮ್ಮ ಸಾಲಿನಲ್ಲೇ ಕೂರುತ್ತಾರೆ. ನಾನು ಪಿಸುಗುಟ್ಟಿದರೆ ಹೆಂಡತಿಗಿಂತ ಮುಂಚೆ ಅವರೇ ತಿರುಗಿ, "ಆಮೇಲೆ ಜಗಳ ಆಡೋಣ ಅಣ್ಣಾ, ಈಗ ಕೇಳಿ," ಎನ್ನುತ್ತಾರೆ. ಆಮೇಲೆ ನಿಜವಾಗಿಯೂ ಜಗಳ ಆಡುತ್ತಾರೆ, ಮೆಟ್ಟಿಲಿಳಿದು ಬಣ್ಣದ ಅಂಗಡಿ ದಾಟುವವರೆಗೂ.